ಕಾಕ್‌ಟೀಲ್ ಮರಿಗೆ ಕೈಯಾರೆ ಉಣಿಸುವ ಪುಡಿ: ನ್ಯೂಟ್ರಿಬರ್ಡ್ ಎ21 ಬಳಸಿದ ಅನುಭವ

ಮೊದಲಿಗೇ ಹೇಳಿಬಿಡುತ್ತೇನೆ, ಪುಡಿ ಚೆನ್ನಾಗಿದೆ. ಕಾಕ್‌ಟೀಲ್ ಅಂದರೆ ತಲೆ ಮೇಲೆ ಜುಟ್ಟಿರುವ ಸಣ್ಣ ಸಾಕುಗಿಳಿ. ನನ್ನ ಎರಡು ಕಾಕ್‌ಟೀಲ್ ಮರಿಗಳು ಇದನ್ನೇ ತಿಂದು ಬೆಳೆದವು. ಈಗ ಜಗಲಿಯ ಬಲೆಯೊಳಗೆ ಉಳಿದವುಗಳ ಜೊತೆ ಹಾರಾಡಿಕೊಂಡಿವೆ. ಆದರೆ ಈ ಪುಡಿ ತರುವ ಮೊದಲು ಒಂದು ಥರ್ಮಾಮೀಟರ್ ತನ್ನಿ. ಎರಡಕ್ಕೂ ಕೈಯಲ್ಲಿ ದುಡ್ಡಿಲ್ಲ ಅಂದರೆ ಥರ್ಮಾಮೀಟರ್ ಬಂದ ಮೇಲೆಯೇ ಪುಡಿಯ ಯೋಚನೆ ಮಾಡಿ. ಯಾಕೆ ಅಂತ ಮುಂದೆ ಬರೆದಿದ್ದೇನೆ.

ನಾನಿರುವುದು ಬದಿಯಡ್ಕದ ಹತ್ತಿರ. ಮನೆಯಲ್ಲೇ ಹೊಲಿಗೆ ಕೆಲಸ. ಮರಿಗಳ ಪೆಟ್ಟಿಗೆಯನ್ನು ಹೊಲಿಗೆ ಮೆಷಿನ್ ಪಕ್ಕದಲ್ಲೇ ಇಟ್ಟುಕೊಂಡಿದ್ದರಿಂದ ಎರಡೆರಡು ಗಂಟೆಗೆ ಎದ್ದು ಉಣಿಸಲು ಸಾಧ್ಯವಾಯಿತು. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಬರುವವರಿಗೆ ಇದು ಆಗುವ ಕೆಲಸ ಅಲ್ಲ. ರಾತ್ರಿಯೂ ಏಳಬೇಕು.

ತಾಯಿ ತಂದೆ ಇದ್ದೂ ಕೈಯಲ್ಲಿ ಯಾಕೆ ಉಣಿಸಬೇಕು ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಕಾಕ್‌ಟೀಲ್ ಸಾಮಾನ್ಯವಾಗಿ ಒಂದು ದಿನ ಬಿಟ್ಟು ಒಂದು ದಿನ ಮೊಟ್ಟೆ ಇಡುತ್ತದೆ. ಹಗಲು ಹೆಚ್ಚಾಗಿ ಗಂಡು, ರಾತ್ರಿ ಹೆಣ್ಣು ಕಾವು ಕೂರುತ್ತವೆ. 18ರಿಂದ 21 ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಎಲ್ಲವೂ ಒಂದೇ ದಿನ ಒಡೆಯುವುದಿಲ್ಲ. ಹಾಗಾಗಿ ಮೊದಲ ಮರಿ ಕಣ್ಣು ಬಿಡುವ ಹೊತ್ತಿಗೆ ಕೊನೆಯದು ಇನ್ನೂ ಬೆರಳ ತುದಿಯಷ್ಟೇ ಇರುತ್ತದೆ. ದೊಡ್ಡವು ಕತ್ತು ಚಾಚಿ ಎಲ್ಲ ಬಾಚಿಕೊಳ್ಳುತ್ತವೆ, ಸಣ್ಣದು ಅಡಿಗೆ ಬೀಳುತ್ತದೆ. ನನ್ನ ಗೂಡುಪೆಟ್ಟಿಗೆಯಲ್ಲಿ ಕೊನೆಯ ಎರಡು ಮರಿಗಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಮೈ ತಣ್ಣಗಾಗಿತ್ತು. ಅದಕ್ಕೇ ತೆಗೆದೆ. ಮರಿ ಪಳಗಲಿ, ಹೆಗಲ ಮೇಲೆ ಕೂರಲಿ ಅಂತ ಆರೋಗ್ಯವಾಗಿರುವ ಮರಿಯನ್ನು ಮೊದಲ ದಿನವೇ ತಾಯಿಯಿಂದ ಕಿತ್ತು ತರುವುದು ನನಗೆ ಒಪ್ಪಿಗೆ ಇಲ್ಲ. ತಾಯಿ ತನ್ನ ಗಂಟಲಿನಿಂದ ತೆಗೆದು ಕೊಡುವ ಆಹಾರಕ್ಕೆ ಸಮನಾದ ಪುಡಿ ಯಾವ ಕಂಪನಿಯದ್ದೂ ಇಲ್ಲ.

ಇನ್ನು ಪುಡಿಯ ವಿಷಯ. ಇದನ್ನು ಮಾಡುವುದು ಬೆಲ್ಜಿಯಂನ ವರ್ಸೆಲೆ ಲಾಗಾ ಕಂಪನಿ. ಎ21 ಎಲ್ಲ ಜಾತಿಯ ಮರಿಗಳಿಗೆ ಆಗುತ್ತದೆ, ಪ್ರೋಟೀನ್ 21 ಶೇಕಡಾ. ಎ19 ಅಂತ ಇನ್ನೊಂದಿದೆ, ಅದರಲ್ಲಿ ಕೊಬ್ಬು ಜಾಸ್ತಿ. ಮಕಾವ್, ಆಫ್ರಿಕನ್ ಗ್ರೇ ಥರದ ದೊಡ್ಡ ಗಿಳಿಗಳ ಮರಿಗೆ ಅದು. ಕಾಕ್‌ಟೀಲ್, ಲವ್ ಬರ್ಡ್ಸ್‌ಗೆ ಎ21 ಸಾಕು. ಪುಡಿ ತುಂಬ ನುಣ್ಣಗಿದೆ. ಬಿಸಿ ನೀರಿಗೆ ಹಾಕಿ ಕಲಸಿದರೆ ಗಂಟು ಕಟ್ಟುವುದಿಲ್ಲ. ಇದು ನನಗೆ ತುಂಬ ಮುಖ್ಯ ಅನಿಸಿತು, ಯಾಕೆಂದರೆ ಮೊದಲ ದಿನಗಳಲ್ಲಿ ಬಳಸುವ 1 ಮಿ.ಲೀ. ಸಿರಿಂಜಿನ ತೂತು ತುಂಬ ಸಣ್ಣದು. ಒಂದು ಗಂಟು ಸಿಕ್ಕಿಕೊಂಡು ನಾವು ಜೋರಾಗಿ ಒತ್ತಿದರೆ ಇದ್ದದ್ದೆಲ್ಲ ಒಮ್ಮೆಲೇ ನುಗ್ಗಿ ಮರಿಯ ಶ್ವಾಸಕ್ಕೆ ಹೋಗುತ್ತದೆ.

ಮೊಟ್ಟೆಯಿಂದ ಬಂದ ಕೂಡಲೇ ಉಣಿಸುವ ಅವಸರ ಬೇಡ. ಮೊಟ್ಟೆಯ ಹಳದಿಯ ಉಳಿಕೆ ಮರಿಯ ಹೊಟ್ಟೆಯೊಳಗೇ ಇರುತ್ತದೆ, ಕೆಲವು ಗಂಟೆ ಅದೇ ಸಾಕು. ಆಮೇಲೆ ತೊಟ್ಟು ತೊಟ್ಟಾಗಿ ಶುರು ಮಾಡಬೇಕು. ಮೊದಲೆರಡು ದಿನ ಒಂದು ಪಾಲು ಪುಡಿಗೆ ಐದಾರು ಪಾಲು ನೀರು, ಬರೀ ತಿಳಿ. ದಿನ ಕಳೆದಂತೆ ದಪ್ಪ ಮಾಡುತ್ತಾ ಬರಬೇಕು. ಕೊನೆಗೆ ನಮ್ಮ ಮಕ್ಕಳಿಗೆ ಕೊಡುವ ರಾಗಿ ಮಣ್ಣಿಯ ಹದಕ್ಕೆ ಬಂದರೆ ಸರಿ. ಹದ ಮಾತ್ರ ಹಾಗೆ, ರಾಗಿ ಮಣ್ಣಿಯನ್ನೇ ಕೊಡಬೇಡಿ. ಅದರಲ್ಲಿ ಮರಿಗೆ ಬೇಕಾದಷ್ಟು ಪ್ರೋಟೀನ್ ಇಲ್ಲ. ಮಕ್ಕಳ ಡಬ್ಬಿ ಆಹಾರವೂ ಬೇಡ, ಹಾಲಿನ ಸಕ್ಕರೆ ಹಕ್ಕಿಗೆ ಅರಗುವುದಿಲ್ಲ.

ಈಗ ಥರ್ಮಾಮೀಟರ್. ಕಲಸಿದ ಆಹಾರ 39, 40 ಡಿಗ್ರಿ ಸೆಲ್ಸಿಯಸ್ ಇರಬೇಕು. 37ಕ್ಕಿಂತ ತಣ್ಣಗಾದರೆ ಮರಿ ಬಾಯಿ ಮುಚ್ಚುತ್ತದೆ. ಬಲವಂತವಾಗಿ ಕೊಟ್ಟರೆ ಕ್ರಾಪ್‌ನಲ್ಲೇ, ಅಂದರೆ ಕೊರಳ ಬುಡದ ಚೀಲದಲ್ಲೇ, ನಿಂತು ಹುಳಿಯಾಗುತ್ತದೆ. 43 ದಾಟಿದರೆ ಆ ಚೀಲದ ಒಳಗೋಡೆ ಸುಡುತ್ತದೆ. ಸುಟ್ಟದ್ದು ಅವತ್ತೇ ಗೊತ್ತಾಗುವುದಿಲ್ಲ. ದಿನಗಳಾದ ಮೇಲೆ ಚರ್ಮ ಕಪ್ಪಾಗಿ ತೂತು ಬಿದ್ದು ಉಣಿಸಿದ್ದು ಹೊರಗೆ ಬರುತ್ತದೆ. ಆಗ ಡಾಕ್ಟರು ಹೊಲಿಗೆ ಹಾಕಬೇಕು. 37ರಿಂದ 43, ಈ ಆರು ಡಿಗ್ರಿಯ ಒಳಗೆ ಮರಿಯ ಜೀವ ಇದೆ! ಪಕ್ಕದ ಮನೆಯ ಹುಡುಗಿ, "ಕೈ ಮೇಲೆ ಒಂದು ತೊಟ್ಟು ಬಿಟ್ಟು ನೋಡಿದ್ರೆ ಸಾಕಲ್ವಾ ಅಕ್ಕಾ?" ಅಂತ ಕೇಳಿದಳು. ಸಾಲದು. ದಿನವಿಡೀ ಬಿಸಿ ಪಾತ್ರೆ ಮುಟ್ಟುವ ನಮ್ಮ ಕೈಗೆ 45 ಡಿಗ್ರಿಯೂ ಹದವಾಗಿಯೇ ಅನಿಸಬಹುದು. ಅಡುಗೆಗೆ ಬಳಸುವ, ಚೂಪು ತುದಿಯ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ, ಅದನ್ನೇ ತನ್ನಿ. ನಾನು ಪುಟ್ಟ ಸ್ಟೀಲ್ ಲೋಟದಲ್ಲಿ ಕಲಸಿ, ಆ ಲೋಟವನ್ನು ಬಿಸಿ ನೀರಿನ ಬಟ್ಟಲಲ್ಲಿ ಇಟ್ಟುಕೊಳ್ಳುತ್ತಿದ್ದೆ. ಎರಡನೇ ಮರಿಯ ಸರದಿ ಬರುವಾಗ ತಣ್ಣಗಾಗಿರುವುದಿಲ್ಲ. ಆದರೂ ಪ್ರತಿ ಸಲ ಕಲಕಿ, ಅಳೆದು ಆಮೇಲೆ ಕೊಡಬೇಕು. ಮೈಕ್ರೋವೇವ್ ಬೇಡವೇ ಬೇಡ. ಮೇಲೆ ಹದವಾಗಿದ್ದರೂ ನಡುವೆ ಕುದಿಯುವಷ್ಟು ಬಿಸಿ ಉಳಿದಿರುತ್ತದೆ. ಉಳಿದದ್ದನ್ನು ಇಟ್ಟು ಮತ್ತೆ ಬಿಸಿ ಮಾಡುವುದೂ ಬೇಡ, ಚೆಲ್ಲಿ.

ಉಣಿಸುವಾಗ ಮರಿಯ ಎಡಗಡೆಯಿಂದ ಸಿರಿಂಜ್ ಇಟ್ಟು, ತುದಿ ಅದರ ಗಂಟಲಿನ ಬಲಗಡೆಗೆ ಇರಬೇಕು. ಅನ್ನನಾಳ ಕತ್ತಿನ ಬಲಕ್ಕಿದೆ. ಮರಿ ಕತ್ತನ್ನು ಮೇಲೆ ಕೆಳಗೆ ಜೋರಾಗಿ ಕುಣಿಸುತ್ತಾ ಕರ್ ಕರ್ ಅಂತ ಕೂಗುತ್ತದೆ. ಆ ಕುಣಿತ ಇದ್ದಾಗ ಮಾತ್ರ ಒತ್ತಬೇಕು. ಆಗ ಅದರ ಶ್ವಾಸದ ದಾರಿ ಮುಚ್ಚಿರುತ್ತದೆ. ಕುಣಿತ ನಿಂತರೆ ನಮ್ಮ ಕೈಯೂ ನಿಲ್ಲಬೇಕು. ಎಳೆ ಮರಿಯ ಚರ್ಮ ಎಷ್ಟು ತೆಳುವೆಂದರೆ ಒಳಗೆ ತುಂಬುವ ಕೆನೆ ಬಣ್ಣ ಹೊರಗೇ ಕಾಣುತ್ತದೆ. ಚೀಲ ದುಂಡಗಾಗಬೇಕು, ಬಿಗಿಯಬಾರದು. ಹೊಸಬರಿಗೆ ಸಿರಿಂಜಿಗಿಂತ ಅಂಚು ಬಗ್ಗಿಸಿದ ಚಮಚ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ಮರಿ ತಾನೇ ಹೀರುತ್ತದೆ, ನಾವು ತಳ್ಳುವ ಪ್ರಶ್ನೆಯೇ ಇಲ್ಲ. ಹೊತ್ತು ಜಾಸ್ತಿ ಹಿಡಿಯುತ್ತದೆ, ಮರಿಯ ಮುಖವೆಲ್ಲ ಅಂಟಾಗುತ್ತದೆ. ಬೆಚ್ಚಗಿನ ನೀರಿನ ಬಟ್ಟೆಯಲ್ಲಿ ಒರೆಸಿದರಾಯಿತು.

ನಮ್ಮ ಊರಿನ ಮಳೆಗಾಲ ಈ ಕೆಲಸಕ್ಕೆ ದೊಡ್ಡ ತೊಂದರೆ. ಜೂನ್ ಬಂತೆಂದರೆ ಅಟ್ಟದ ಅಡಕೆಗೂ ಬೂಸ್ಟು, ಇನ್ನು ಒಡೆದ ಪ್ಯಾಕೆಟ್ ಉಳಿಯುತ್ತದೆಯೇ? ವಾರಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ಹಾಕಿ, ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಒದ್ದೆ ಚಮಚ ಹಾಕಬೇಡಿ. ಬೂಸ್ಟು ಹಕ್ಕಿಯ ಶ್ವಾಸಕೋಶಕ್ಕೆ ವಿಷವಿದ್ದಂತೆಯೇ. ಒಂದೆರಡು ಮರಿಗೆ 800 ಗ್ರಾಂ ಪ್ಯಾಕೆಟ್ ಧಾರಾಳ ಆಯಿತು. 3 ಕಿಲೋದ್ದೂ ಇದೆ, ಹತ್ತಾರು ಜೋಡಿ ಸಾಕುವವರಿಗೆ ಅದು. ಬಿಡಿ ಪುಡಿ ಮಾತ್ರ ಬೇಡ. ಪೇಟೆಯ ಒಂದು ಅಂಗಡಿಯಲ್ಲಿ, "ಇದೂ ಅದೇ ಪುಡಿ" ಎಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ್ದನ್ನು ಕೊಟ್ಟರು. ಹೆಸರಿಲ್ಲ, ತಾರೀಕಿಲ್ಲ, ಬಿಚ್ಚಿದರೆ ಮುಗ್ಗು ವಾಸನೆ. ಅಲ್ಲೇ ವಾಪಸ್ ಕೊಟ್ಟು ಬಂದೆ. ಸೀಲ್ ಇರುವ ಪ್ಯಾಕೆಟಿಗೆ ಬೆಲೆ ಜಾಸ್ತಿಯೇ, ಆದರೂ ಅದೇ ತೆಗೆದುಕೊಳ್ಳಿ.

ಕರೆಂಟಿನದ್ದು ಇನ್ನೊಂದು ಚಿಂತೆ. ಗರಿ ಇಲ್ಲದ ಎಳೆ ಮರಿಯ ಪೆಟ್ಟಿಗೆಯೊಳಗೆ 35, 36 ಡಿಗ್ರಿ ಇರಬೇಕು. ಮೈ ತಣ್ಣಗಾದ ಮರಿಗೆ ಎಷ್ಟು ಒಳ್ಳೆಯ ಪುಡಿ ಕೊಟ್ಟರೂ ಅರಗುವುದಿಲ್ಲ, ಮೊದಲು ಬೆಚ್ಚಗೆ ಮಾಡಿ ಆಮೇಲೆ ಉಣಿಸಬೇಕು. ಎಲ್‌ಇಡಿ ಬಲ್ಬು ಸಾಕಷ್ಟು ಬಿಸಿ ಕೊಡುವುದಿಲ್ಲ, ಹಳೆಯ ತಂತಿ ಬಲ್ಬನ್ನೇ ಹುಡುಕಬೇಕು. ಗಾಳಿಮಳೆಗೆ ಲೈನ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗದು ಅಲ್ವಾ? ಬಾಟಲಿಗೆ ಬಿಸಿ ನೀರು ತುಂಬಿ, ದಪ್ಪ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಡುತ್ತಿದ್ದೆ. ಒಂದೇ ಬದಿಗೆ, ಸೆಕೆಯಾದರೆ ಮರಿ ಆಚೆ ಸರಿಯಲು ಜಾಗ ಬೇಕು.

ಒಂದು ಮಾತು ಹೇಳಲೇಬೇಕು. ನಾನು ಮರಿಗೆ ಉಣಿಸುತ್ತೇನೆ ಅಂತ ಗೊತ್ತಾಗಿ, ಬಿದ್ದ ತೆಂಗಿನ ಮರದ ಪೊಟರೆಯಿಂದ ಗಿಳಿಮರಿ ತಂದು ಕೊಡಲು ಬಂದವರಿದ್ದಾರೆ. ನಮ್ಮ ಊರಿನ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅಂಥ ಮರಿ ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಈ ಪುಡಿ ತಂದು ಮನೆಯಲ್ಲಿ ಇಟ್ಟುಕೊಳ್ಳುವುದಲ್ಲ.

ಕೊನೆಗೆ ಪುಡಿ ಬಿಡಿಸುವ ಹೊತ್ತು. ಗರಿ ಮೂಡಿ, ಮರಿಗಳು ನೆಲದಲ್ಲಿ ಹಾಕಿದ ನವಣೆ ಕುಕ್ಕಲು ಶುರು ಮಾಡುತ್ತವೆ. ಹಾರಲು ಕಲಿಯುವಾಗ ತೂಕ ಸ್ವಲ್ಪ ಇಳಿಯುತ್ತದೆ, ಅದಕ್ಕೆ ಹೆದರಬೇಡಿ. ಮೊದಲು ಮಧ್ಯಾಹ್ನದ್ದು, ಆಮೇಲೆ ಬೆಳಗಿನದ್ದು ಬಿಡಿಸಿ, ರಾತ್ರಿಯದ್ದನ್ನು ಕೊನೆಗೆ ಉಳಿಸಿಕೊಳ್ಳಿ. ಕಾಕ್‌ಟೀಲ್ ಆರರಿಂದ ಎಂಟು ವಾರಕ್ಕೆ ತಾನಾಗಿ ತಿನ್ನುತ್ತದೆ. ಕೆಲವು ಇನ್ನೂ ತಡ. ದಿನಾ ಬೆಳಿಗ್ಗೆ ಹೊಟ್ಟೆ ಖಾಲಿ ಇರುವಾಗ ಗ್ರಾಂ ತೋರಿಸುವ ತಕ್ಕಡಿಯಲ್ಲಿ ಇಟ್ಟು ಬರೆದಿಡಿ. ತೂಕ ಇಳಿಯುತ್ತಲೇ ಹೋದರೆ, ಮರಿ ಕೇಳಿದಾಗ ರಾತ್ರಿಯ ಪುಡಿ ಇನ್ನೂ ಕೆಲವು ದಿನ ಕೊಡಿ.