ಆನ್‌ಲೈನ್ ಇಂಟರ್‌ವ್ಯೂಗೆ ಮನೆ ಇನ್ವರ್ಟರಾ, ಹಾಟ್‌ಸ್ಪಾಟಾ, ಮಿನಿ ಯುಪಿಎಸ್ಸಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಿನಿ ಯುಪಿಎಸ್‌ಗೆ, ಅಂದರೆ ಕರೆಂಟ್ ಹೋದರೂ ವೈಫೈ ರೂಟರ್ ಆರದಂತೆ ಹಿಡಿದಿಡುವ ಪುಟ್ಟ ಬ್ಯಾಟರಿ ಡಬ್ಬಕ್ಕೆ. ರಾಯಚೂರಿನ ತೀನ್ ಕಂದಿಲ್ ಕಡೆ ಒಂದು ಅಂಗಡಿಯಲ್ಲಿ 1,150 ರೂಪಾಯಿ ಕೊಟ್ಟು ತಂದೆ. ಒಂದು ತಿಂಗಳು ಮೊದಲೇ ತಂದಿದ್ದರೆ ಬೆಂಗಳೂರಿನ ಒಂದು ಕೆಲಸ ಕೈತಪ್ಪುತ್ತಿರಲಿಲ್ಲವೇನೋ.

ಯಾವ ಅಂಗಿ ಹಾಕಬೇಕು, ಬೆನ್ನ ಹಿಂದೆ ಯಾವ ಗೋಡೆ ಕಾಣಬೇಕು ಅಂತ ಎಲ್ಲರೂ ಹೇಳಿಕೊಡುತ್ತಾರೆ. ಮೇ ತಿಂಗಳಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ, ಮಾತಿನ ನಡುವೆ ಕರೆಂಟ್ ಹೋದರೆ ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಪಕ್ಕದ ಶಕ್ತಿನಗರದಲ್ಲೇ 1,720 ಮೆಗಾವ್ಯಾಟ್‌ನ ವಿದ್ಯುತ್ ಸ್ಥಾವರ ಇದೆ. ದೀಪದ ಬುಡದಲ್ಲಿ ಕತ್ತಲು ಅನ್ನೋದು ಸುಮ್ನೆ ಅಲ್ಲ.

ಮೊದಲ ಇಂಟರ್‌ವ್ಯೂಗೆ ನಾನು ನಂಬಿದ್ದು ಮನೆ ಇನ್ವರ್ಟರನ್ನು. ಲ್ಯಾಪ್‌ಟಾಪ್ ಫುಲ್ ಚಾರ್ಜ್, ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿದ್ದೂ ಆಗಿತ್ತು. ಎರಡನೇ ಪ್ರಶ್ನೆಗೆ ಉತ್ತರ ಶುರು ಮಾಡಿದ್ದೆ. ಒಳಕೋಣೆಯಿಂದ 'ಟಕ್' ಅಂತ ಸದ್ದು. ಫ್ಯಾನ್ ನಿಲ್ಲಲಿಲ್ಲ, ಲೈಟ್ ಒಮ್ಮೆ ಕಣ್ಣು ಮಿಟುಕಿಸಿತು ಅಷ್ಟೆ. ಕರೆಂಟ್ ಹೋಗಿದ್ದು ಗೊತ್ತಾಗಿದ್ದೇ ಎದುರಿನ ಇಬ್ಬರು ಬಾಯಿ ತೆರೆದಂತೆ ಹಾಗೇ ನಿಂತುಬಿಟ್ಟಾಗ.

ರೂಟರ್ ನೋಡಿದರೆ ಎಲ್ಲ ದೀಪ ಆರಿ, ಒಂದೊಂದಾಗಿ ಹತ್ತುತ್ತಿದ್ದವು. ಫ್ಯಾನಿಗೆ ಗೊತ್ತೂ ಆಗದ ಆ ಚಿಕ್ಕ ಗ್ಯಾಪ್ ಅದಕ್ಕೆ ಸಾಕಾಗಿತ್ತು, ಮೊದಲಿನಿಂದ ಶುರುವಾಗಿತ್ತು. ಪೂರ್ತಿ ಎದ್ದು ನಿಲ್ಲಲು ಎರಡೂವರೆ ನಿಮಿಷ. ಬಾಗಿಲಲ್ಲಿ ನಿಂತಿದ್ದ ಅವ್ವ, 'ಫ್ಯಾನ್ ತಿರಗಾಕತ್ಯದಲ್ಲ, ಮಾತಾಡು' ಅಂತ ಸನ್ನೆ ಮಾಡುತ್ತಿದ್ದಳು. ಹೇಗೋ ಮತ್ತೆ ಸೇರಿ, ಕ್ಷಮೆ ಕೇಳಿ ಮಾತು ಹಿಡಿದೆ. ಹತ್ತು ನಿಮಿಷಕ್ಕೆ ಕರೆಂಟ್ ವಾಪಸ್ ಬಂತು. ಮತ್ತೆ 'ಟಕ್'. ಮತ್ತೆ ಎರಡೂವರೆ ನಿಮಿಷ. ಈ ಸಲ ನಾನು ಸೇರುವಷ್ಟರಲ್ಲಿ ಅವರು ಹೋಗಿದ್ದರು.

ಆಮೇಲೆ ಎಲೆಕ್ಟ್ರಿಷಿಯನ್ ಅಣ್ಣ ಬಂದು ಇನ್ವರ್ಟರ್ ಹಿಂದಿನ ಒಂದು ಪುಟ್ಟ ಸ್ವಿಚ್ ತೋರಿಸಿದರು. 'ಇದು ಇಕೋ ಮೋಡ್‌ನ್ಯಾಗ ಅದರೀ' ಅಂದರು. ಯುಪಿಎಸ್ ಮೋಡಿಗೆ ತಿರುಗಿಸಿದರೆ ಬ್ಯಾಟರಿಗೆ ಬದಲಾಗುವುದು ಬೇಗ ಆಗುತ್ತದೆ. ಆರು ವರ್ಷ ಅದು ಅಲ್ಲೇ ಇತ್ತು, ನಾವ್ಯಾರೂ ನೋಡಿರಲಿಲ್ಲ. ಮೇನ್ ಸ್ವಿಚ್ ಆಫ್ ಮಾಡಿ ಮೂರು ಸಲ ಪರೀಕ್ಷೆ ಮಾಡಿದೆ. ಎರಡು ಸಲ ರೂಟರ್ ಉಳಿಯಿತು, ಮೂರನೇ ಸಲ ಆರಿತು. ಜೊತೆಗೆ ಆ ಮೋಡಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಬ್ಯಾಟರಿಗೆ ಜಿಗಿಯುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ನಮ್ಮ ಓಣಿಯಲ್ಲಿ ವೋಲ್ಟೇಜ್ ಇಳಿಯದ ದಿನವೇ ಕಮ್ಮಿ. ನಿಮ್ಮ ಮನೆಯ ಇನ್ವರ್ಟರ್ ಹೊಸದಿದ್ದರೆ ಮೊದಲು ಆ ಸ್ವಿಚ್ ನೋಡಿ. ಖರ್ಚಿಲ್ಲದೆ ಮುಗಿಯಬಹುದು.

ಎರಡನೇ ಇಂಟರ್‌ವ್ಯೂಗೆ ಮೊಬೈಲ್ ಹಾಟ್‌ಸ್ಪಾಟ್. ಡೇಟಾ ಚಿಂತೆ ಬೇಡ, ಒಂದು ತಾಸಿನ ವಿಡಿಯೋ ಕಾಲ್ ಸುಮಾರು 1 ಜಿಬಿ ತಿನ್ನುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದರೂ ನಡೆಯುತ್ತದೆ, ಬೆಳಿಗ್ಗೆ ರೀಲ್ಸ್ ನೋಡದಿದ್ದರೆ. ನನಗೆ ಕೈಕೊಟ್ಟಿದ್ದು ಎರಡನೇ ಸಿಮ್. ಕೊಪ್ಪಳದಿಂದ ಚಿಕ್ಕವ್ವ ಅದಕ್ಕೆ ಫೋನ್ ಮಾಡಿದಳು, ಮೊದಲ ಸಿಮ್ಮಿನ ಇಂಟರ್ನೆಟ್ ನಿಂತುಹೋಯಿತು. ಎಲ್ಲ ಫೋನಿನಲ್ಲೂ ಹೀಗಾಗಲ್ಲ, ನನ್ನದರಲ್ಲಿ ಆಯಿತು. ಅವತ್ತು ಇನ್ನೊಂದು ಸಿಮ್ ಆಫ್ ಮಾಡಿಡಿ. ವೈಫೈ ಹಾಟ್‌ಸ್ಪಾಟಿನ ಬದಲು ಚಾರ್ಜರ್ ಕೇಬಲ್ಲಿನಿಂದಲೇ ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಚಾರ್ಜೂ ಆಗುತ್ತಿರುತ್ತದೆ. ಆದರೂ 42 ಡಿಗ್ರಿ ಬಿಸಿಲಿನ ದಿನ ಫೋನ್ ಕೈಯಲ್ಲಿ ಹಿಡಿಯಲಾಗದಷ್ಟು ಕಾದಿತ್ತು.

ಆನ್‌ಲೈನ್ ಸೆಂಟರಿನ ಕ್ಯಾಬಿನ್ನಿಗೂ ಒಮ್ಮೆ ಹೋಗಿ ನೋಡಿದೆ. ಪಕ್ಕದಲ್ಲಿ ಪಹಣಿ ಪ್ರಿಂಟ್ ತೆಗೆಸುವವರ ಕ್ಯೂ. ಬೇಡ.

ಇನ್ನು ಮಿನಿ ಯುಪಿಎಸ್. ದಪ್ಪ ನೋಟ್‌ಬುಕ್ಕಿನಷ್ಟು ಡಬ್ಬ, ಒಳಗೆ ಬ್ಯಾಟರಿ. ಅಡಾಪ್ಟರ್ ಮತ್ತು ರೂಟರ್ ನಡುವೆ ಸಿಕ್ಕಿಸಿದರೆ ಮುಗಿಯಿತು. ಗ್ಯಾಪ್ ಅನ್ನೋದೇ ಇಲ್ಲ. ಕೊಳ್ಳುವಾಗ ನಿಮ್ಮ ಅಡಾಪ್ಟರನ್ನೇ ಅಂಗಡಿಗೆ ಒಯ್ಯಿರಿ. ಅದರ ಮೇಲೆ 12 ವೋಲ್ಟ್, 1 ಆಂಪ್ ಅಂತಲೋ 2 ಆಂಪ್ ಅಂತಲೋ ಇರುತ್ತದೆ. ವೋಲ್ಟ್ ಅಷ್ಟೇ ಇರಬೇಕು, ಆಂಪ್ ಕಮ್ಮಿ ಆಗಬಾರದು. ಫೈಬರ್ ಇಂಟರ್ನೆಟ್ಟಿನ ಡಬ್ಬ ಬೇರೆ, ರೂಟರ್ ಬೇರೆ ಇರುವ ಮನೆಯಾದರೆ ಎರಡಕ್ಕೂ ಕರೆಂಟ್ ಕೊಡುವಂಥದ್ದು ತಗೊಳ್ಳಿ. ಇಂಟರ್ನೆಟ್ ಕೇಬಲ್‌ನವರ ಪೆಟ್ಟಿಗೆ ಓಣಿಯ ಕರೆಂಟಿನ ಮೇಲೇ ನಡೆಯುತ್ತಿದ್ದರೆ ಮಾತ್ರ ಇದರಿಂದಲೂ ಉಪಯೋಗ ಇಲ್ಲ. ಅವರ ಲೈನ್‌ಮ್ಯಾನ್ ಹತ್ತಿರ ಕೇಳಿಕೊಂಡೇ ಖರ್ಚು ಮಾಡಿ.

ನನ್ನ ಲೆಕ್ಕ ಸರಳ. ತಿಂಗಳಿಗೆ ಮೂರ್ನಾಲ್ಕು ಇಂಟರ್‌ವ್ಯೂ, ಹೊಸ ಇನ್ವರ್ಟರಿಗೆ ದುಡ್ಡಿಲ್ಲ, ಫೋನ್ ಹಳೆಯದು. ವರ್ಷಕ್ಕೊಂದು ಇಂಟರ್‌ವ್ಯೂ ಕೊಡುವವರಿಗೆ ಟೆದರಿಂಗ್ ಸಾಕು.

ಮೂರನೇ ಇಂಟರ್‌ವ್ಯೂದಲ್ಲೂ ಕರೆಂಟ್ ಹೋಯಿತು. 'ಟಕ್' ಕೇಳಿಸಿತು, ರೂಟರಿನ ಹಸಿರು ದೀಪ ಅಲುಗಲಿಲ್ಲ, ನಾನು ಜಿಎಸ್‌ಟಿ ಬಗ್ಗೆ ಹೇಳುತ್ತಲೇ ಇದ್ದೆ. ಈಗ ಕರೆಂಟ್ ಹೋದರೆ ಸಾಕು, ಓಣಿಯ ಹುಡುಗರು ನಮ್ಮ ಮನೆ ಕಟ್ಟೆ ಮೇಲೆ ಬಂದು ಕೂರುತ್ತಾರೆ. ಪಾಸ್‌ವರ್ಡ್ ಅವ್ವನೇ ಕೊಟ್ಟಿದ್ದಾಳೆ.