ಹೈಸ್ಕೂಲ್ ಹುಡುಗರೋ, ಪಳಗಿದ ಆಟಗಾರರೋ?

ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡ ಹೈಸ್ಕೂಲ್ ಹುಡುಗರನ್ನು ಆರಿಸಬೇಕೋ, ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬಯಸುವ ಆಟಗಾರರ ಆನ್‌ಲೈನ್ ಪಟ್ಟಿ) ಮೂಲಕ ಬೇರೆ ಕಾಲೇಜುಗಳ ಆಟಗಾರರನ್ನು ಕರೆತರಬೇಕೋ ಎಂಬ ಅಭಿಮಾನಿಗಳ ವಾದಕ್ಕೆ ಉತ್ತರ ಆಯಾ ತಂಡದ ಸ್ಥಿತಿಯಲ್ಲಿದೆ.

ಫಲಿತಾಂಶ ಬೇಗ ಬೇಕೆಂದರೆ ಪೋರ್ಟಲ್ ಮೇಲು: 2023ರಲ್ಲಿ ಮೂರೇ ಪಂದ್ಯ ಗೆದ್ದಿದ್ದ ಇಂಡಿಯಾನಾ, ಹೊಸ ಕೋಚ್ ಕರ್ಟ್ ಸಿಗ್ನೆಟ್ಟಿ ತಮ್ಮ ಹಿಂದಿನ ಜೇಮ್ಸ್ ಮ್ಯಾಡಿಸನ್ ತಂಡದ ಹಲವರನ್ನು ಕರೆತಂದ ಮೇಲೆ 2024ರಲ್ಲಿ 11 ಪಂದ್ಯ ಗೆದ್ದಿತು. ಆದರೆ 2023ರಲ್ಲಿ ಬಹುಪಾಲು ತಂಡವನ್ನೇ ಹೀಗೆ ಕಟ್ಟಿದ ಕೊಲೊರಾಡೊ, ಮೊದಲ ಮೂರು ಪಂದ್ಯ ಗೆದ್ದರೂ, ಎದುರಾಳಿಗಳನ್ನು ತಡೆಯುವ ಮುಂಚೂಣಿ ಸಾಲಾದ ಆಫೆನ್ಸಿವ್ ಲೈನ್ ದುರ್ಬಲವಾಗಿ, ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಪದೇಪದೇ ನೆಲಕ್ಕುರುಳಿದ್ದರಿಂದ 4 ಗೆಲುವು, 8 ಸೋಲಿಗೆ ಕುಸಿಯಿತು. ಜೊತೆಯಾಗಿ ವರ್ಷಗಟ್ಟಲೆ ಆಡಿ ಪಳಗಬೇಕಾದ ಆ ಸಾಲಿಗೆ ಹೈಸ್ಕೂಲ್ ಹುಡುಗರನ್ನು ಬೆಳೆಸುವುದೇ ಸರಿಯೆಂದು ನನ್ನ ದೃಢ ಅಭಿಪ್ರಾಯ.

ಬಾಳಿಕೆಯಲ್ಲೂ ಆ ದಾರಿ ಗಟ್ಟಿ. 2016 ಮತ್ತು 2018ರ ಚಾಂಪಿಯನ್ ಕ್ಲೆಮ್ಸನ್ ಹಾಗೆಯೇ ಬೆಳೆದದ್ದು. ಆದರೂ ಕಾಲೇಜು ಬದಲಿಸಿದವರು ಒಂದು ವರ್ಷ ಕಾಯದೆ ಆಡಬಹುದೆಂಬ 2021ರ ಸಡಿಲ ನಿಯಮದಿಂದಾಗಿ ಬೆಳೆಸಿದ ಹುಡುಗ ಕೈಬಿಟ್ಟು ಹೋಗಬಹುದು. ಕೋಚ್‌ಗೆ ಸಮಯವಿದ್ದರೆ ಹೈಸ್ಕೂಲ್, ಒಂದೆರಡು ಸ್ಥಾನ ತೆರವಾಗಿದ್ದರೆ ಪೋರ್ಟಲ್.