ಕೀನ್ಯಾದಲ್ಲಿ ಫೀಲ್ಡ್‌ವರ್ಕ್‌ಗೆ ಎಂ-ಪೆಸಾ: ಶುಲ್ಕಕ್ಕೂ ಬಜೆಟ್ಟಲ್ಲಿ ಜಾಗ ಇಡಿ

ರಾಗಿ ತಳಿಗಳ ಕೆಲಸಕ್ಕೆ ಅಂತ ಕೀನ್ಯಾಗೆ ಬಂದವನು ನಾನು. ನಮ್ಮ ಮಂಡ್ಯದ ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ನಾಡು. ಉಗಾಂಡ ಗಡಿಯ ಬುಸಿಯಾ ಕಡೆ ಈಗಲೂ ಬೆಳೀತಾರೆ, ಅದರ ಗಂಜಿ ಕುಡೀತಾರೆ. ಇಲ್ಲಿಗೆ ಬರೋ ಸಂಶೋಧಕರಿಗೆ ನಾಕೋಸ್ಟಿಯ (ಇಲ್ಲಿನ ಸರ್ಕಾರಿ ವಿಜ್ಞಾನ ಆಯೋಗ) ಪರವಾನಗಿ, ಕೌಂಟಿ ಕಚೇರಿಗೆ ಹೋಗಿ ಹಾಜರಿ ಹಾಕೋದು, ಇವನ್ನೆಲ್ಲ ಎಲ್ಲರೂ ಹೇಳಿಕೊಡ್ತಾರೆ. ಹಳ್ಳಿಯಲ್ಲಿ ದುಡ್ಡು ಕೊಡೋದು ಹೇಗೆ ಅಂತ ಮಾತ್ರ ಯಾರೂ ಹೇಳಲ್ಲ. ಉತ್ತರ ಒಂದೇ, ಎಂ-ಪೆಸಾ, ಅಂದರೆ ಮೊಬೈಲಿನಲ್ಲೇ ದುಡ್ಡು ಇಟ್ಟು ಕಳಿಸೋ ವ್ಯವಸ್ಥೆ.

ಇಲ್ಲಿಯ ಮೊಬೈಲ್ ಕಂಪನಿ ಸಫಾರಿಕಾಂ ಇದನ್ನು ಶುರು ಮಾಡಿದ್ದು 2007ರಲ್ಲಿ. ನಮ್ಮ ಯುಪಿಐ ಬಂದದ್ದು 2016ರಲ್ಲಿ. ವೊಡಾಫೋನ್ ಇದೇ ಎಂ-ಪೆಸಾವನ್ನು 2013ರಲ್ಲಿ ಭಾರತಕ್ಕೂ ತಂದಿತ್ತು, ನಡೀಲಿಲ್ಲ. ಯುಪಿಐಗೆ ಬ್ಯಾಂಕ್ ಖಾತೆ ಬೇಕು. ಇಲ್ಲಿ ಸಿಮ್ಮೇ ಖಾತೆ. ಇಂಟರ್‌ನೆಟ್ ಬೇಡ, *334# ಒತ್ತಿದರೆ ಹಳೇ ಕೀಪ್ಯಾಡ್ ಫೋನಿನಲ್ಲೂ ಕೆಲಸ ಆಗುತ್ತೆ. ಒಂದು ಕಡ್ಡಿ ಸಿಗ್ನಲ್ ಇದ್ದರೆ ಸಾಕು.

ಮಾಡಿಸೋದು ಸುಲಭ. ಪಾಸ್‌ಪೋರ್ಟ್ ತೋರಿಸಿ ಸಿಮ್ ತಗೊಳ್ಳಿ, ಅಲ್ಲೇ ನೋಂದಣಿ. ಆದರೆ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿದ್ದರೆ ನಗಲು ಸಿದ್ಧರಾಗಿ. ದುಡ್ಡು ಪಡೆದವರ ಮೆಸೇಜಿನಲ್ಲಿ ಅದೇ ಹೆಸರು ಹೋಗುತ್ತೆ. ನನ್ನದರಲ್ಲಿ ಊರಿನ ಹೆಸರೂ ಇದೆ, ಹಾಗಾಗಿ ಬುಸಿಯಾದ ರೈತರಿಗೆ ನಾನು ಡಾಕ್ಟರ್ ನಾಗಮಂಗಲ.

ನಗದು ಬೇಕಾದರೆ ಹಸಿರು ಬಣ್ಣ ಬಳಿದ ಎಂ-ಪೆಸಾ ಏಜೆಂಟ್ ಗೂಡಂಗಡಿಗೆ ಹೋಗಬೇಕು. ಗೋಡೆ ಮೇಲಿನ ಏಜೆಂಟ್ ನಂಬರ್, ಮೊತ್ತ, ಪಿನ್ ಒತ್ತಿದರೆ ಇಬ್ಬರ ಫೋನಿಗೂ ಮೆಸೇಜ್ ಬರುತ್ತೆ. ಆಮೇಲೆ ಅಂಗಡಿಯಾಕೆ ಉದ್ದನೆಯ ಲೆಕ್ಕದ ಪುಸ್ತಕ ತಿರುಗಿಸಿ ಮುಂದಿಡ್ತಾಳೆ, ಗುರುತಿನ ಸಂಖ್ಯೆ ಬರೆದು ಸಹಿ ಹಾಕಬೇಕು. ಸೋಪು, ಎಣ್ಣೆ ಪೊಟ್ಟಣಗಳ ಮಧ್ಯೆ ನಡೆಯೋ ಬ್ಯಾಂಕು. ಸಣ್ಣ ಅಂಗಡಿಯಾದರೆ ದೊಡ್ಡ ಮೊತ್ತಕ್ಕೆ ನಗದು ಇರಲ್ಲ, ಅದನ್ನು ಪೇಟೆಯಲ್ಲೇ ತೆಗೆದುಕೊಂಡು ಹೋಗಿ.

ಈಗ ಯುಪಿಐ ಅಭ್ಯಾಸದವರಿಗೆ ಉರಿಯೋ ವಿಷಯ. ಇಲ್ಲಿ ಕಳಿಸೋಕೂ ಶುಲ್ಕ, ತೆಗೆಯೋಕೂ ಶುಲ್ಕ. ಹಾಕೋದು ಮಾತ್ರ ಪುಕ್ಕಟೆ. ನನಗೆ ಬಿದ್ದ ದರದಲ್ಲಿ 1,000 ಶಿಲಿಂಗ್ ಕಳಿಸಲು 13, ಏಜೆಂಟ್ ಹತ್ತಿರ ಅದನ್ನು ತೆಗೆಯಲು 29. ಸಮೀಕ್ಷೆಗೆ ಕೂತ ರೈತನಿಗೆ ಸಾವಿರ ಅಂತ ಮಾತು ಕೊಟ್ಟು ಸಾವಿರವನ್ನೇ ಕಳಿಸಿದರೆ ಅವನ ಕೈಗೆ ಸಾವಿರ ಸಿಗಲ್ಲ. ಅದಕ್ಕೇ ಇಲ್ಲಿಯವರು 'ನಾ ಯಾ ಕುತೋವಾ' ಅಂತಾರೆ, ತೆಗೆಯೋ ಖರ್ಚನ್ನೂ ಸೇರಿಸಿ ಕಳಿಸು ಅಂತ. ನ್ಯಾಯವಾದ ಮಾತು. ಆದರೆ 1,029 ಆದ ಕೂಡಲೇ ಮುಂದಿನ ಹಂತಕ್ಕೆ ಜಿಗಿದು ಕಳಿಸೋ ಶುಲ್ಕ 23 ಆಗುತ್ತೆ. ಒಟ್ಟು 1,052. ನೂರು ಜನಕ್ಕೆ 5,200 ಶಿಲಿಂಗ್ ಬರೀ ಶುಲ್ಕಕ್ಕೇ ಹೋಯ್ತು. ಪ್ರಸ್ತಾವನೆ ಬರೆಯುವಾಗಲೇ ಸಂಭಾವನೆಯ ಮೇಲೆ ನೂರಕ್ಕೆ ಆರರಷ್ಟು ಸೇರಿಸಿ ಬರೆಯಿರಿ, ಆಮೇಲೆ ಯಾರೂ ಕೊಡಲ್ಲ.

ಈ ದುಡ್ಡಿಗೆ ಸಿಗೋದೇನು ಅಂದರೆ, ಲೆಕ್ಕ. ಪ್ರತಿ ಪಾವತಿಗೂ ಹತ್ತು ಅಕ್ಷರ-ಅಂಕಿಗಳ ಕೋಡ್, ಪಡೆದವರ ಹೆಸರು, ಸಮಯ. ಹಳ್ಳಿಯಲ್ಲಿ ಬಿಳಿ ಹಾಳೆ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದು ಆಡಿಟರ್ ಮುಂದೆ ನಿಲ್ಲೋ ಕಷ್ಟ ಇಲ್ಲ. ಆ್ಯಪ್‌ನಿಂದ ಸ್ಟೇಟ್‌ಮೆಂಟ್ ಪಿಡಿಎಫ್ ಇಳಿಸಿಕೊಳ್ಳಬಹುದು. ಯಾವ ಕೆಲಸಕ್ಕೆ ಕೊಟ್ಟದ್ದು ಅಂತ ಅದರಲ್ಲಿ ಇರಲ್ಲ, ನೋಟ್‌ಬುಕ್ಕಿನಲ್ಲಿ ಕೋಡ್ ಪಕ್ಕ 'ತೆನೆ ಕೊಯ್ಲು', 'ಬೈಕ್ ಬಾಡಿಗೆ' ಅಂತ ಅಂದೇ ಬರೆದಿಡಿ.

ಒಂದು ಸಲಕ್ಕೆ 2,50,000 ಶಿಲಿಂಗ್‌ವರೆಗೆ ಕಳಿಸಬಹುದು, ಫೆಲೋಶಿಪ್ಪಿನವರಿಗೆ ಅದು ತಲೆನೋವಲ್ಲ.

ಎಂ-ಪೆಸಾಗೆ ಐದಕ್ಕೆ ನಾಲ್ಕು ಅಂಕ ಕೊಡ್ತೀನಿ, ಒಂದು ಕಳೆದದ್ದು ಶುಲ್ಕಕ್ಕೆ. ಮತ್ತೆ, ಹೊಲಕ್ಕೆ ಹೋಗೋವಾಗ ಸಿಮ್ಮನ್ನು ಸ್ಮಾರ್ಟ್‌ಫೋನಿಗೆ ಹಾಕಬೇಡಿ. ಜಿಪಿಎಸ್ ಹಾಕಿ ಹೊಲ ಸುತ್ತಿದರೆ ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ, ಕೂಲಿ ಕೊಡೋದು ಸಂಜೆ. ಅಗ್ಗದ ಕೀಪ್ಯಾಡ್ ಫೋನೊಂದು ಜೇಬಲ್ಲಿರಲಿ.